ಹಿಂದಿನ ಸ್ಪೀಕರುಗಳಲ್ಲಿ ಸೆಮಿಸಿ

ನನ್ನ ತಂಗಿಯ ಗಂಡ ಪೆನಿಯಾಮಿನಾನಿಗೆ ಸುಸ್ತಾಗಿದೆ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಇದು. ನಮ್ಮ ದ್ವೀಪದ ಪಟ್ಟಣ ಆಪಿಯಾದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯಲ್ಲಿ, ವೈತೆಲೆ ಹತ್ತಿರ, ದೀವಿಹಲಸಿನ ಮರದಡಿ ನಾಲ್ಕು ಕಂಬಗಳ ಮೇಲೆ ತಗಡು ಹೊದಿಸಿದ ಶೆಡ್ಡೊಂದಿದೆ. ಅಲ್ಲಿ ಯಾರದೋ ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು, ಕಾಲು ಮಾತ್ರ ಹೊರಗೆ ಬಿಟ್ಟುಕೊಂಡಿರುವವನೇ ಪೆನಿ. ಕಾರಿಗೆ, ಬಸ್ಸಿಗೆ, ಪಿಕಪ್ಪಿಗೆ ಸ್ಪೀಕರ್ ಕೂರಿಸುವುದು ಅವನ ಕಸುಬು. ಮೀಸೆ ಮೂಡುವ ಮುಂಚಿನಿಂದ ಅದನ್ನೇ ಮಾಡಿಕೊಂಡು ಬಂದ. ಈಗ ಮೀಸೆ ಬೆಳ್ಳಗಾಗಿದೆ, ಕಿವಿಯೊಳಗೆ ಹಗಲೂ ಇರುಳೂ ಜೀರುಂಡೆ ಕೂಗುತ್ತದೆ.

ನಾನು ಬಸ್ ಓಡಿಸುತ್ತಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಅವನ ಶೆಡ್ಡಿನ ಮುರುಕು ಕಾರ್ ಸೀಟಿನ ಮೇಲೆ ಕೂತು, ತಂಗಿ ಕಳಿಸಿದ ಕೋಕೋ ಕುಡಿಯುತ್ತಾ ಅವನ ತಲೆ ತಿನ್ನುವುದೇ ನನ್ನ ಉದ್ಯೋಗ. ನಮ್ಮ ಬಸ್ಸುಗಳಿಗೆ ಬ್ರೇಕ್ ಸರಿಯಿಲ್ಲದಿದ್ದರೂ ನಡೆದೀತು, ಬೇಸ್ ಸರಿಯಿಲ್ಲದಿದ್ದರೆ ಜನ ಹತ್ತುವುದಿಲ್ಲ. ಮುಂದಿನ ಬಸ್ಸು ಖಾಲಿ ಇದ್ದರೂ ಬಿಟ್ಟು, ದಡ್ ದಡ್ ಎನ್ನುವ ಹಿಂದಿನ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೋಗುತ್ತಾರೆ. ಆ ದಡ್ ದಡ್ ಎಲ್ಲ ಪೆನಿಯ ಕೈಯಿಂದ ಹೊರಟದ್ದು. ಮೊನ್ನೆಯೂ ಒಬ್ಬ ಪುಂಡ ಬಂದು ಹೇಳಿದ, "ಮಾಮ, ಎದೆಗೆ ಒದ್ದ ಹಾಗಿರ್ಬೇಕು!" ಪೆನಿ ತಲೆಯೆತ್ತದೆ ಉತ್ತರ ಕೊಟ್ಟ, "ಒದೆ ಬೇಕಾದ್ರೆ ನಿಮ್ಮಪ್ಪನ ಹತ್ರ ಹೋಗು, ಪುಕ್ಕಟೆ ಸಿಗುತ್ತೆ." ಹುಡುಗ ನಕ್ಕ. ಪೆನಿ ನಗಲಿಲ್ಲ. ಅವನು ಈಚೆಗೆ ತಮಾಷೆಯನ್ನೂ ಸುಸ್ತಿನಿಂದಲೇ ಮಾಡುತ್ತಾನೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ವಾರವೆಲ್ಲ ಬಸ್ಸುಗಳ ಗದ್ದಲದಲ್ಲಿ ಮುಳುಗಿದ್ದರೂ ಬುಧವಾರ ಸಂಜೆ ಮೈತೊಳೆದು, ಒಗೆದ ಪಂಚೆ ಉಟ್ಟು, ಚರ್ಚಿನ ಹಾಡಿನ ಅಭ್ಯಾಸಕ್ಕೆ ಓಡುತ್ತಿದ್ದ. ನಮ್ಮ ಹಳ್ಳಿಯ ಹಾಡುವ ಮಂದಿಯಲ್ಲಿ ಮಂದ್ರ ಸ್ವರದ ಗಂಡಸರು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಪೆನಿ ಮತ್ತು ಸೆಮಿಸಿ ಅಕ್ಕಪಕ್ಕ ನಿಂತರೆಂದರೆ ಕಾಲಡಿಯ ಹಲಗೆ ಝುಂ ಎನ್ನುತ್ತಿತ್ತು. ಆಮೇಲೆ ಪೆನಿಯ ಕಿವಿ ಹೋಯಿತು. ಮುಂದೆ ಹಾಡುವ ಹೆಂಗಸರ ದನಿ ಅವನಿಗೆ ಕೇಳದಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ಇವನೊಬ್ಬ ಎಳೆಯುತ್ತಿದ್ದ. ಹಾಡು ಕಲಿಸುವವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಒಮ್ಮೆ ತಿರುಗಿ ನೋಡಿದರು, ಅಷ್ಟೇ. ಮುಂದಿನ ಬುಧವಾರದಿಂದ ಪೆನಿ ಹೋಗಲಿಲ್ಲ. ಈಗ ಚರ್ಚಿನಲ್ಲಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಹಾಡು ಶುರುವಾದಾಗ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಾನೆ. ಅದನ್ನು ನೋಡಿದಾಗಲೆಲ್ಲ ‘ಮತ್ತೆ ಹಾಡೋ’ ಅನ್ನೋಣ ಎನಿಸುತ್ತದೆ. ಹೇಳಿದರೆ ಬೈಯುತ್ತಾನೆ, ಅದಕ್ಕೆ ಹೇಳುವುದಿಲ್ಲ.

ಸೆಮಿಸಿ ಹೋದ ವರ್ಷ ತೀರಿಕೊಂಡ. ತೋಟದಿಂದ ಬಂದು ಮಲಗಿದವನು ಏಳಲಿಲ್ಲ. ಅವನ ಹೆಂಡತಿ ಸಿನಿವಾ ಗಟ್ಟಿ ಹೆಂಗಸು. ಊರಿನ ಹೆಂಗಸರ ಸಂಘದಲ್ಲಿ ಅವಳು ಕೆಮ್ಮಿದರೆ ಉಳಿದವರು ಮಾತು ನಿಲ್ಲಿಸುತ್ತಾರೆ. ಗಂಡನ ಬಿಳಿ ಕಾರನ್ನು ಮಗ ಮಾಲಾಕಿ ಟ್ಯಾಕ್ಸಿ ಮಾಡಿಕೊಂಡ.

ಆ ಮಾಲಾಕಿ ಒಂದು ಸೋಮವಾರ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಇಳಿಯದೆ ಸ್ಟಿಯರಿಂಗ್ ಹಿಡಿದು ಕೂತಿದ್ದ.

"ಏನೋ, ಇಳಿಯೋಕೂ ಬಾಡಿಗೆ ಕೊಡ್ಬೇಕೇನೋ?" ಎಂದೆ ನಾನು.

ಇಳಿದು ಬಂದ. ಮುಖ ಒಣಗಿದ ಟಾರೋ ಗೆಡ್ಡೆಯಂತಿತ್ತು.

"ಪೆನಿ ಮಾಮ, ಹಿಂದಿನ ಸ್ಪೀಕರ್ ನೋಡ್ಬೇಕು. ಅಮ್ಮ ನನ್ನ ಹತ್ರ ಮಾತಾಡ್ತಿಲ್ಲ."

"ಸ್ಪೀಕರ್ ರಿಪೇರಿ ಮಾಡಿದ್ರೆ ನಿಮ್ಮಮ್ಮ ಮಾತಾಡ್ತಾಳಾ? ನಾನೇನು ಪಾದ್ರಿನಾ?"

ನಡೆದದ್ದು ಇಷ್ಟು. ಹಳೆಯ ಚರ್ಚನ್ನು ಕೆಡವುವ ಮುಂಚೆ ನಮ್ಮ ಹಾಡುವ ಮಂದಿಯನ್ನು ಅಲ್ಲೇ ನಿಲ್ಲಿಸಿ, ಒಂದೇ ಏಟಿಗೆ, ಒಂದು ಸಿ.ಡಿ. ಮಾಡಿಸಿದ್ದರು. ಮನೆಮನೆಗೂ ಒಂದೊಂದು ಹಂಚಿದ್ದರು. ಸಿನಿವಾಳ ಮನೆಯಲ್ಲಿ ಅದನ್ನು ಹಾಕಲು ಇದ್ದದ್ದು ಕಾರಿನ ಸ್ಟಿರಿಯೋ ಒಂದೇ. ಗಂಡ ಸತ್ತ ಮೇಲೆ ಅವಳು ದಿನಾ ಸಂಜೆ ಪ್ರಾರ್ಥನೆ ಮುಗಿಸಿ, ಮನೆ ಮುಂದೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂರುತ್ತಿದ್ದಳು. ಸೀಟಿಗೆ ತಲೆ ಆನಿಸಿ ಆ ಸಿ.ಡಿ. ಕೇಳಿ, ಇಳಿದು ಬಂದು ಊಟ ಮಾಡುತ್ತಿದ್ದಳು. ಈ ಮಧ್ಯೆ ಮಾಲಾಕಿ, ಟ್ಯಾಕ್ಸಿಗೆ ಜನ ಬರಲಿ ಎಂದು, ಸವಾಲಾಲೊ ಬಸ್ ನಿಲ್ದಾಣದ ಹುಡುಗರಿಂದ ಹಿಂದಿನ ಹಳೇ ಸ್ಪೀಕರ್ ಕೀಳಿಸಿ ತಟ್ಟೆಯಗಲದ ಹೊಸವು ಹಾಕಿಸಿದ. ಅಂದು ಸಂಜೆ ಸಿನಿವಾ ಹಾಡು ಪೂರ್ತಿ ಕೇಳಿ, ಕಾರಿನಿಂದಿಳಿದು, "ನಿಮ್ಮಪ್ಪ ಇದರೊಳಗಿಲ್ಲ" ಎಂದಳಂತೆ. ಮತ್ತೆ ಕಾರು ಹತ್ತಲಿಲ್ಲ.

"ಚರ್ಚಿಗೂ ನಡ್ಕೊಂಡೇ ಹೋಗ್ತಾಳೆ ಮಾಮ. ಆ ಬಿಸಿಲಲ್ಲಿ! ಊರಿಗೆ ಊರೇ ನೋಡ್ತಿದೆ. ಮಗನ ಹತ್ರ ಕಾರಿದೆ, ತಾಯಿ ಬೀದೀಲಿ ನಡೀತಾಳೆ ಅಂತ."

"ಇದರೊಳಗಿಲ್ಲ ಅಂದ್ರೆ ಯಾವ ದನಿ ಇಲ್ಲ?" ಪೆನಿ ಕೇಳಿದ.

"ಅಪ್ಪಂದು. ಆ ಕೆಳಗಿನ ದನಿ."

ಪೆನಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒಂದು ಕ್ಷಣ ಸುಮ್ಮನೆ ತಿರುಗಿಸಿದ. ಆಮೇಲೆ ಡಿಕ್ಕಿ ತೆಗೆದು ಒಳಗೆ ನುಗ್ಗಿದ.

ಅಲ್ಲಿಂದಲೇ ಬೈಗುಳ ಶುರುವಾಯಿತು. "ಇದನ್ನ ಕೈಯಲ್ಲಿ ಹಾಕಿದ್ರೋ ಕಾಲಲ್ಲೋ? ಒಂದು ಸ್ಪೀಕರಿನ ವೈರು ಉಲ್ಟಾ ಇದೆ. ಒಬ್ಬ ತಳ್ಳೋವಾಗ ಇನ್ನೊಬ್ಬ ಎಳೀತಾನೆ. ಇಬ್ಬರೂ ಸೇರಿ ಬೇಸನ್ನ ತಿಂದು ತೇಗ್ತಿದಾರೆ. ಸುತ್ತ ನೋಡು, ಬೆರಳು ಹೋಗೋ ಅಷ್ಟು ಸಂದು. ಮೇಲಿನ ಜಾಲರಿ ಮುಚ್ಚಳ ಎಲ್ಲೋ?"

"ಅದು ಸರಿಯಾಗಿ ಕೂರ್ಲಿಲ್ಲ ಅಂತ ಹುಡುಗರು ಬಿಸಾಕಿದ್ರು ಮಾಮ."

ಪೆನಿ ವೈರು ಸರಿಮಾಡಿದ, ಸಂದುಗಳಿಗೆ ರಬ್ಬರು ಕೊಟ್ಟ, ಸ್ಕ್ರೂ ಬಿಗಿದ. ಮಾಲಾಕಿ ಆ ಸಿ.ಡಿ. ಹಾಕಿದ. ನನಗೆ ಕಿವಿ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ: ಹಿಂದಿನ ಸೀಟಿನ ಬೆನ್ನಿನಿಂದ ಗಂಡಸರ ಮಂದ್ರ ಎದ್ದು ಬಂದ ರೀತಿಗೆ ನನ್ನ ಕೋಕೋ ಬಟ್ಟಲು ಮೊಣಕಾಲ ಮೇಲೇ ನಿಂತಿತು. ಆದರೆ ಪೆನಿ ಮೊದಲನೆಯ ಚರಣ ಮುಗಿಯುವ ಮುಂಚೆಯೇ ಕೈ ಹಾಕಿ ಆರಿಸಿಬಿಟ್ಟ.

"ಸಾಕು. ಸರಿಯಾಗಿದೆ. ತಗೊಂಡು ಹೋಗು."

ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದು ನನಗೆ ವಿಚಿತ್ರವೆನಿಸಿತು. ಅವನ ಮುಖ ನೋಡಿ ಕೇಳಲಿಲ್ಲ.

ಗುರುವಾರ ಮಾಲಾಕಿ ಮತ್ತೆ ಬಂದ. ಅಮ್ಮನನ್ನು ಬೇಡಿಕೊಂಡು ಕಾರಿನಲ್ಲಿ ಕೂರಿಸಿ ಹಾಡು ಹಾಕಿದನಂತೆ. ಅವಳು ಕೇಳಿ, ಇಲ್ಲ ಎಂದು ತಲೆಯಾಡಿಸಿ, ಇಳಿದು ಹೋದಳಂತೆ. ಪೆನಿ ನಂಬಲಿಲ್ಲ. ಹಾಡು ಹಾಕಿಸಿ ನೋಡಿದರೆ ಶೆಡ್ಡಿನಲ್ಲಿ ಮತ್ತೆ ಎಲ್ಲ ಸರಿಯಾಗಿತ್ತು. ಆದರೂ ಸ್ಪೀಕರಿನ ಕೆಳಗಿನ ತಗಡು ಅದುರದಂತೆ ಒಳಗಿಂದ ಟಾರು ಹಾಳೆ ಅಂಟಿಸಿದ. ಡಿಕ್ಕಿಯ ತೂತುಗಳನ್ನೆಲ್ಲ ಮುಚ್ಚಿದ. ಮಧ್ಯಾಹ್ನದ ಧಗೆಯಲ್ಲಿ ಡಿಕ್ಕಿಯೊಳಗೆ ಮಲಗಿ ಕೆಲಸ ಮಾಡುವವನ ಪಾಡು ಹೇಳತೀರದು. ಹೊರಗೆ ಬಂದಾಗ ನೀರಿನಲ್ಲಿ ಅದ್ದಿ ತೆಗೆದಂತಿದ್ದ.

ಶನಿವಾರ ಮಾಲಾಕಿ ಮೂರನೆಯ ಸಲ ಬಂದ. ಕಾರಿಗೆ ಒರಗಿ ನಿಂತ.

"ಇಲ್ವಂತಾ?" ನಾನೇ ಕೇಳಿದೆ.

"ಇಲ್ವಂತೆ."

"ದೊಡ್ಡ ಡಬ್ಬ ಇಟ್ಟುಬಿಡೋಣ ಡಿಕ್ಕೀಲಿ, ಬಸ್ಸಿಗೆ ಇಡೋ ಅಂಥದ್ದು," ಎಂದೆ.

"ಡಿಕ್ಕೀಲಿ ಡಬ್ಬ ಇಟ್ರೆ ಜನರ ಟಾರೋ ಮೂಟೆ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?" ಮಾಲಾಕಿ ರೇಗಿದ. ಆಮೇಲೆ ತಪ್ಪಾಯಿತು ಎಂದು ತಲೆ ತಗ್ಗಿಸಿದ. ಪಾಪ, ಮನೆಯಲ್ಲಿ ಆ ಮೌನ ಅವನನ್ನು ಅಷ್ಟು ಅರೆದಿತ್ತು.

ಪೆನಿ ಮಾತ್ರ ನೆಲದ ಮೇಲೆ ಕೂತುಬಿಟ್ಟಿದ್ದ. "ಹೋಗೋ ಮಗಾ, ನನ್ನ ಕೈಲಿ ಇನ್ನಾಗಲ್ಲ," ಎಂದ. ಒಬ್ಬ ಗಿರಾಕಿಗೆ ಅವನು ಈ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವತ್ತು ಸಂಜೆ ನಾನೂ ಅವನೂ ಅವನ ಮನೆಯ ಜಗಲಿಯಲ್ಲಿದ್ದೆವು. ಪ್ರಾರ್ಥನೆಯ ಹೊತ್ತಾಯಿತೆಂದು ಶಂಖ ಊದಿದರು. ರಸ್ತೆಯಲ್ಲಿ ಯಾರೂ ಓಡಾಡದಂತೆ ಪ್ರಾಯದ ಗಂಡಸರು ಕೋಲು ಹಿಡಿದು ನಿಂತರು. ವಾಹನಗಳು ನಿಂತವು, ಅವುಗಳ ಹಾಡುಗಳೂ ನಿಂತವು. ಮನೆಮನೆಯಿಂದ ಪ್ರಾರ್ಥನೆಯ ಗುನುಗು ಎದ್ದು ಇಳಿಯಿತು. ಮುಗಿಯಿತೆಂದು ಎರಡನೆಯ ಶಂಖವಾದ ಮೇಲೂ ಪೆನಿ ಕಣ್ಣು ಮುಚ್ಚಿಕೊಂಡೇ ಇದ್ದ.

"ಊರು ಸುಮ್ನಾದಾಗಲೇ ನನ್ನ ಕಿವಿ ಗಲಾಟೆ ಜಾಸ್ತಿ ಭಾವ," ಎಂದ. "ಒಂದು ಮಾತು ಹೇಳ್ತೀನಿ. ನನ್ನ ಹೆಂಡ್ತಿಗೂ ಹೇಳಿಲ್ಲ. ಆ ಸಿ.ಡಿ.ಯಲ್ಲಿ ಸೆಮಿಸಿ ಹಾಡೇ ಇಲ್ಲ."

"ಏನಂದೆ?"

"ಅವತ್ತು ಅವನ ಗಂಟಲು ಕಟ್ಟಿತ್ತು. ರೆಕಾರ್ಡ್ ಮಾಡೋ ಮಿಷನ್ ತಂದವರು ಅವತ್ತೊಂದೇ ದಿನ ಇದ್ದದ್ದು. ಹೆಂಡ್ತಿ ಮುಂದಿನ ಸಾಲಲ್ಲಿ ಹಾಡೋಕೆ ನಿಂತಿದಾಳೆ, ಅವನು ಬೆಂಚಲ್ಲಿ ಕೂತ್ರೆ ಮಾನ ಹೋಗುತ್ತೆ ಅಂತ ಬಂದು ನಿಂತ. ‘ನೀನು ಹಾಡೋ ಪೆನಿ, ನಾನು ಬಾಯಾಡಿಸ್ತೀನಿ’ ಅಂದ. ಅವನ ಪಾಲಿಂದೂ ಸೇರಿಸಿ ನಾನೇ ಹಾಡ್ದೆ. ಅವಳು ಇಷ್ಟು ದಿನ ಗಂಡನ ದನಿ ಅಂತ ಕೇಳ್ತಿದ್ದದ್ದು ನಂದು."

ಶೆಡ್ಡಿನಲ್ಲಿ ಅವನು ಹಾಡನ್ನು ಮೊದಲ ಚರಣಕ್ಕೇ ನಿಲ್ಲಿಸಿದ್ದೇಕೆಂದು ಆಗ ಅರ್ಥವಾಯಿತು. ಈಗ ಹಾಡಲಾಗದವನು ತನ್ನ ಒಳ್ಳೆಯ ಕಾಲದ ದನಿಯನ್ನು ಬೇರೊಬ್ಬನ ಹೆಸರಿನಲ್ಲಿ ಎಷ್ಟು ಹೊತ್ತು ಕೇಳಿಯಾನು?

"ಸುಮ್ನಿದ್ದುಬಿಡು," ಎಂದೆ. "ಅವಳಿಗೆ ಅದರಲ್ಲಿ ಗಂಡ ಸಿಕ್ತಾನೆ ಅಂದ್ರೆ ಸಿಗಲಿ. ನಿನ್ನ ಗಂಟೇನು ಹೋಯ್ತು?"

"ಹೋಗೋದೇನಿಲ್ಲ. ಆದ್ರೆ ಸರಿಹೋದ್ರೆ ಅವಳಿಗೆ ಸುಳ್ಳು ಕೇಳಿಸ್ದ ಹಾಗೆ, ಸರಿಹೋಗದಿದ್ರೆ ಆ ಹುಡುಗನ ಗತಿ ಹಾಗೆ. ಅವಳಿಗೆ ಗೊತ್ತಾಗಿಬಿಟ್ಟಿದೆಯೋ ಏನೋ, ಅದಕ್ಕೇ ಇಲ್ಲ ಅಂತಿದಾಳೋ ಏನೋ. ಸಾಕಾಗಿದೆ ಭಾವ. ಎಲ್ಲರಿಗೂ ಬೇಸ್ ಬೇಕು, ಬೇಸ್ ಬೇಕು. ನನಗೆ ಒಂದಿನ ಸುಮ್ನೆ ಇರೋದು ಬೇಕು."

ಮರುದಿನ ಭಾನುವಾರ. ಚರ್ಚು ಮುಗಿಸಿ ಬರುವಾಗ ನಾವು ಕಂಡ ಮೆರವಣಿಗೆಯನ್ನು ಊರು ಬಹಳ ದಿನ ಮರೆಯಲಿಲ್ಲ. ಬಿಳಿ ಉಡುಪು, ಬಿಳಿ ಹ್ಯಾಟು, ಮೇಲೆ ಕೊಡೆ ಹಿಡಿದು ಸಿನಿವಾ ರಸ್ತೆಯಂಚಿನಲ್ಲಿ ನಡೆಯುತ್ತಿದ್ದಾಳೆ. ಅವಳ ಹಿಂದೆ, ಅವಳದೇ ವೇಗದಲ್ಲಿ, ಮಾಲಾಕಿಯ ಖಾಲಿ ಟ್ಯಾಕ್ಸಿ ತೆವಳುತ್ತಿದೆ. ಅವಳು ನಿಂತರೆ ಅದೂ ನಿಲ್ಲುತ್ತದೆ. ಹಿಂದೆ ಪಾದ್ರಿಯ ಕಾರು, ಅದರ ಹಿಂದೆ ಇಡೀ ಊರಿನ ವಾಹನಗಳು. ಅವಳನ್ನು ದಾಟಿ ಹೋಗುವ ಧೈರ್ಯ ಯಾರಿಗೂ ಇಲ್ಲ. ಎಲ್ಲರ ಮನೆಯಲ್ಲೂ ಕಲ್ಲಿನ ಒಲೆಯಲ್ಲಿ ಬೆಂದ ಊಟ ಆರುತ್ತಿತ್ತು.

ಪೆನಿ ನಿಟ್ಟುಸಿರು ಬಿಟ್ಟು ಅವಳ ಮುಂದೆ ಹೋಗಿ ನಿಂತ.

"ಅಕ್ಕಾ, ಹತ್ತು. ನನ್ನ ಮುಖ ನೋಡಿ ಹತ್ತು."

"ನಿನ್ನ ಮುಖ ನೋಡಿದ್ರೆ ಆಸ್ಪತ್ರೆಗೆ ಹೋಗೋ ಗಾಡಿ ಹತ್ಬೇಕು ಅನ್ನಿಸುತ್ತೆ," ಎಂದಳು ಸಿನಿವಾ. "ಊಟ ಮಾಡ್ತಿದ್ದೀಯೋ ಇಲ್ವೋ?"

"ನೀನು ಹತ್ತಿದ್ರೆ ಮಾಡ್ತೀನಿ. ಹಿಂದೆ ನೋಡು, ಪಾದ್ರಿಗಳು ಹಸ್ಕೊಂಡಿದಾರೆ."

ಅವಳು ಹಿಂತಿರುಗಿ ನೋಡಿದಳು. ಪಾದ್ರಿ ಕಾರಿನೊಳಗಿಂದ ಕೈಬೀಸಿದರು. ಸಿನಿವಾ ಕೊಡೆ ಮಡಚಿದಳು. "ಹಾಗಾದ್ರೆ ನೀನೂ ಬಾ. ನಿಮ್ಮ ಭಾವನನ್ನೂ ಕರ್ಕೋ, ಅವನ ಕಾಲು ನೋಡೋಕಾಗಲ್ಲ."

ನಾನು ಮುಂದೆ ಕೂತೆ. ಹಿಂದಿನ ಸೀಟಿನಲ್ಲಿ ಸಿನಿವಾಳ ಪಕ್ಕ ಪೆನಿ ಕೂರಲು ಹೋದವನು ಬಾಗಿದಂತೆಯೇ ನಿಂತುಬಿಟ್ಟ. ಅವನ ಕಣ್ಣು ಸೀಟಿನ ಹಿಂದೆ, ಗಾಜಿನ ಕೆಳಗೆ, ಸ್ಪೀಕರ್ ಕೂರಿಸಿದ ಹಲಗೆಯ ಮೇಲಿತ್ತು. ಅವನ ಸ್ಪೀಕರುಗಳು ಕಾಣುತ್ತಿರಲಿಲ್ಲ. ಅಲ್ಲಿ ಕೆಂಪು ಉಲ್ಲನ್ನಿನ ಅಂಚಿನ ದಪ್ಪನೆಯ ಚಾಪೆ, ಎರಡು ಮಡಿಕೆ ಮಾಡಿ ಹಾಸಿತ್ತು. ಬಲಕ್ಕೆ ದಿಂಬು. ಎಡಕ್ಕೆ ಮನೆಯ ದೊಡ್ಡ ಬೈಬಲ್, ಅದರ ಮೇಲೆ ಹಾಡಿನ ಪುಸ್ತಕಗಳು.

"ಇದು ಯಾವಾಗಿಂದ ಇಲ್ಲಿದೆ?" ಪೆನಿಯ ದನಿ ತೀರ ಸಣ್ಣಗಿತ್ತು.

"ಹೊಸ ಸ್ಪೀಕರ್ ಹಾಕಿಸಿದ ದಿನದಿಂದ ಇದೆಯಲ್ಲ ಮಾಮ," ಎಂದ ಮಾಲಾಕಿ. "ಶೆಡ್ಡಿಗೆ ತರೋವಾಗ ತೆಗೆದಿಟ್ಟು ಬರ್ತಿದ್ದೆ."

"ಯಾಕೋ ತೆಗೆದೆ?"

"ಅಮ್ಮ ಹೆಣೆದ ಚಾಪೆ. ನಿಮ್ಮ ಶೆಡ್ಡಲ್ಲಿ ಗ್ರೀಸು, ಎಣ್ಣೆ, ಎಲ್ಲರೂ ಚಪ್ಪಲಿ ಹಾಕ್ಕೊಂಡು ಒಳಗೆ ಹತ್ತೋರು. ಬೈಬಲ್ ಬೇರೆ. ಅದನ್ನೆಲ್ಲ ಹಾಗೇ ತರೋಕಾಗುತ್ತಾ?"

ಆಗುವುದಿಲ್ಲ, ಅದು ನಿಜ. ನಮ್ಮಲ್ಲಿ ಯಾರೂ ತರುವುದಿಲ್ಲ. ಕಾರನ್ನು ರಿಪೇರಿಗೆ ಬಿಡುವ ಮುಂಚೆ ಚಾಪೆ, ಹೂವಿನ ಸರ, ಬೈಬಲ್ಲನ್ನೆಲ್ಲ ಮನೆಯೊಳಗಿಟ್ಟು ಬರುವುದು ಮರ್ಯಾದೆ. ನಾನೂ ನನ್ನ ಬಸ್ಸನ್ನು ಅವನ್ನೆಲ್ಲ ತೆಗೆದೇ ತರುತ್ತಿದ್ದೆ. ಪೆನಿ ಇಷ್ಟು ವರ್ಷ ಎಲ್ಲರ ಕಾರುಗಳನ್ನೂ ಬೋಳಾಗಿಯೇ ನೋಡಿದ್ದಾನೆ.

"ಆ ಎರಡು ಕರೀ ತಟ್ಟೆ ನನ್ನ ಕತ್ತನ್ನೇ ದಿಟ್ಟಿಸ್ತಾ ಇದ್ವು," ಎಂದಳು ಸಿನಿವಾ. "ಯಾರೋ ಹಿಂದೆ ಕೂತು ನೋಡ್ದ ಹಾಗೆ. ಅದಕ್ಕೆ ಮುಚ್ಚಿದೆ. ಬೈಬಲ್ಲನ್ನ ಜನ ಕೂರೋ ಸೀಟಲ್ಲಿ ಇಡ್ಲಾ? ಅದು ಮೇಲೇ ಇರ್ಬೇಕು."

ಪೆನಿ ಕೂತ. ಮುಚ್ಚಳವಿಲ್ಲದ ಸ್ಪೀಕರಿನ ಕಾಗದದ ಹೊಟ್ಟೆ ಹಿಂದಕ್ಕೂ ಮುಂದಕ್ಕೂ ಆಡಿದರೆ ತಾನೇ ಬೇಸ್ ಬರುವುದು? ಅದರ ಮೇಲೆ ಚಾಪೆ, ಚಾಪೆಯ ಮೇಲೆ ದೇವರ ಪುಸ್ತಕ. ಅದು ಉಸಿರಾಡುವುದು ಹೇಗೆ? ಮೊದಲು ವೈರಿನ ತಪ್ಪು, ಆಮೇಲೆ ಇದು. ನನಗೆ ನಗು ಬಂತು, ಆದರೆ ಕನ್ನಡಿಯಲ್ಲಿ ಪೆನಿಯ ಮುಖ ಕಂಡು ನಗು ಅಲ್ಲೇ ನಿಂತಿತು. ಅವನು ಏನು ಯೋಚಿಸುತ್ತಿದ್ದಾನೆಂದು ನನ್ನೊಬ್ಬನಿಗೇ ಗೊತ್ತಿತ್ತು. ಈಗ ಸುಮ್ಮನಿದ್ದರೆ ಚಾಪೆ ಅಲ್ಲೇ ಇರುತ್ತದೆ, ಸಿನಿವಾಳಿಗೆ ಏನೂ ಕೇಳಿಸುವುದಿಲ್ಲ, ಅವನ ಗುಟ್ಟೂ ಅಲ್ಲೇ ಉಳಿಯುತ್ತದೆ. ಬಾಯಿಬಿಟ್ಟರೆ ಅವಳ ಮುಂದೆ ಅವನದೇ ದನಿ ಎದ್ದು ನಿಲ್ಲುತ್ತದೆ.

ಮಾಲಾಕಿ ಮನೆಯ ಮುಂದೆ ಕಾರು ನಿಲ್ಲಿಸಿದ. ಸಿನಿವಾ ಬಾಗಿಲಿನ ಹಿಡಿಗೆ ಕೈ ಹಾಕಿದಳು.

"ಇಳೀಬೇಡ ಅಕ್ಕಾ," ಎಂದ ಪೆನಿ. "ಆ ಬೈಬಲ್ ತೆಗೆದು ಮಡಿಲಲ್ಲಿ ಇಟ್ಕೋ. ಚಾಪೆ, ದಿಂಬು ನಾನು ತೆಗೀತೀನಿ."

"ಭಾನುವಾರ ಕೆಲಸ ಮಾಡಿದ್ರೆ ಊರ ಹಿರಿಯರು ದಂಡ ಹಾಕ್ತಾರೆ, ಗೊತ್ತಲ್ಲ?"

"ಚಾಪೆ ಎತ್ತೋದು ಕೆಲಸ ಅಲ್ಲ."

ದಿಂಬು ಪಕ್ಕಕ್ಕಿಟ್ಟು, ಚಾಪೆಯನ್ನು ಮಡಚಿ ತನ್ನ ತೊಡೆಯ ಮೇಲಿಟ್ಟುಕೊಂಡ. ಸಿನಿವಾ ಬೈಬಲ್ಲನ್ನೂ ಹಾಡಿನ ಪುಸ್ತಕಗಳನ್ನೂ ಅಪ್ಪಿಕೊಂಡು ಕೂತಳು. "ಹಾಕೋ," ಎಂದು ಪೆನಿ ಮಾಲಾಕಿಗೆ ಹೇಳಿದ.

ಹಾಡು ಶುರುವಾಯಿತು. ಮೊದಲು ಹೆಂಗಸರು, ಆಮೇಲೆ ಮೇಲಿನ ಗಂಡುದನಿಗಳು, ಆಮೇಲೆ ಹಿಂದಿನ ಸಾಲು. ಶೆಡ್ಡಿನಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು. ಟಾರು ಹಾಳೆ, ರಬ್ಬರು, ಮುಚ್ಚಿದ ತೂತುಗಳು ಎಲ್ಲ ಸೇರಿ ಕೆಲಸ ಮಾಡುತ್ತಿದ್ದವು. ಹಳೆಯ ಚರ್ಚಿನ ಹಲಗೆ ನನ್ನ ಕಾಲಡಿಯಲ್ಲೇ ಝುಂ ಎಂದಂತಾಯಿತು. ಸಿನಿವಾ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮೊದಲ ಚರಣ ಮುಗಿಯಿತು. ಪೆನಿ ಚಾಪೆಯ ಕೆಂಪು ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಎರಡನೆಯ ಚರಣದ ನಡುವೆ ತಡೆಯಲಾಗಲಿಲ್ಲ ಅವನಿಗೆ.

"ಅಕ್ಕಾ, ತಪ್ಪು ತಿಳ್ಕೋಬೇಡ. ಈ ದನಿ ಸೆಮಿಸಿದಲ್ಲ. ಅವತ್ತು ಅವನಿಗೆ..."

"ಶ್ಶ್! ಬಾಯಿ ಮುಚ್ಚೋ!" ಸಿನಿವಾ ಕಣ್ಣು ತೆರೆಯದೆಯೇ ಗದರಿಸಿದಳು. "ಅದು ನಿಂದು ಅಂತ ನಂಗೊತ್ತಿಲ್ವೇನೋ? ನಲವತ್ತು ವರ್ಷ ಸಂಸಾರ ಮಾಡ್ದವಳಿಗೆ? ಸುಮ್ನಿರು. ಈಗ ಬರುತ್ತೆ."

ಎರಡನೆಯ ಚರಣ ಕೊನೆಯಾಯಿತು. ಎಲ್ಲರೂ ಉಸಿರು ತೆಗೆದುಕೊಳ್ಳುವ ಆ ಒಂದು ಚಿಟಿಕೆ ಮೌನದಲ್ಲಿ, ಹಿಂದಿನ ಹಲಗೆಯೊಳಗಿಂದ, ಯಾರೋ ಮುಷ್ಟಿಯೊಳಗೆ ಅದುಮಿಕೊಂಡ ಹಾಗೆ, "ಹ್ಞುಂ" ಎಂದು ಒಂದು ಕೆಮ್ಮು ಬಂತು. ಕೂಡಲೇ ಮೂರನೆಯ ಚರಣ ಅದನ್ನು ಮುಚ್ಚಿಕೊಂಡಿತು.

"ಬಂದ್ರು!" ಎಂದಳು ಸಿನಿವಾ. ಬೈಬಲ್ಲಿನ ಮೇಲೆ ಕೈ ಬಡಿದು ನಕ್ಕಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ಮಾಲಾಕಿ ಹಿಂತಿರುಗಿ ನೋಡುತ್ತಿದ್ದ. "ಅಮ್ಮಾ, ಇದಕ್ಕಾ? ಇಷ್ಟು ದಿನ ಇದಕ್ಕಾ?"

"ಮತ್ತಿನ್ನೇನು ಅಂದ್ಕೊಂಡೆ? ನಿಮ್ಮಪ್ಪ ಹಾಡಿದ್ದೆಲ್ಲ ಚರ್ಚಿಗೆ. ಮನೇಲಿ ಒಂದಿನ ಹಾಡಿದಾರಾ? ನನ್ನ ಪಾಲಿಗೆ ಬಂದದ್ದು ಈ ಕೆಮ್ಮು. ಬೆಳಿಗ್ಗೆ ಎದ್ರೆ ಹ್ಞುಂ, ಊಟ ಬೇಕಂದ್ರೆ ಹ್ಞುಂ, ನನ್ನ ಮೇಲೆ ಸಿಟ್ಟು ಬಂದ್ರೂ ಹ್ಞುಂ. ಎಷ್ಟು ಬೈದಿದೀನಿ, ಅದೊಂದು ಬಿಡ್ರೀ ಅಂತ." ಅವಳು ಹ್ಯಾಟಿನ ಅಂಚಿನಿಂದ ಕಣ್ಣೊರೆಸಿಕೊಂಡಳು. "ಹಳೇ ಸ್ಪೀಕರಲ್ಲಿ ಸಣ್ಣಗೆ ಕೇಳಿಸ್ತಿತ್ತು. ತಲೆ ಅಲ್ಲೇ ಒತ್ತಿ ಕೂರ್ತಿದ್ದೆ. ನೀನು ಇದನ್ನ ಹಾಕಿಸಿದೆ ನೋಡು, ಎಲ್ಲರೂ ಹಾಡ್ತಿದಾರೆ, ಇವ್ರೊಬ್ಬರು ಕೆಮ್ಮಲ್ಲ!"

"ಹೇಳ್ಬಾರ್ದಿತ್ತಾ ಅಮ್ಮ!"

"ಏನಂತ ಹೇಳ್ಲಿ? ಗಂಡನ ಕೆಮ್ಮು ಕೇಳೋಕೆ ಕಾರಲ್ಲಿ ಕೂರ್ತೀನಿ ಅಂತಲಾ? ಸಂಘದ ಹೆಂಗಸರ ಕಿವಿಗೆ ಬಿದ್ರೆ ನಾನು ತಲೆ ಎತ್ತೋದು ಹೇಗೆ?"

ಪೆನಿ ಮಾತ್ರ ನಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.

"ಏನು ಬಂತು?" ಎಂದು ಕೊನೆಗೆ ಕೇಳಿದ. "ನನಗೆ ಕೇಳಿಸ್ಲಿಲ್ಲ."

ಅವನ ಕಿವಿಯ ಜೀರುಂಡೆಗಳಿಗೆ ಆ ಒಂದು ಚಿಟಿಕೆ ಮೌನವೂ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಎರಡು ದಿನ ಡಿಕ್ಕಿಯಲ್ಲಿ ಬೆಂದು ಕೆಲಸ ಮಾಡಿದವನಿಗೆ, ಮಾಡಿದ್ದು ಯಾವುದಕ್ಕೆಂದು ಕೇಳಿಸಲಿಲ್ಲ.

"ಹಿಂದಕ್ಕೆ ಹಾಕೋ, ಮಾಲಾಕಿ," ಎಂದಳು ಸಿನಿವಾ. ಪೆನಿಯ ಮಣಿಕಟ್ಟು ಹಿಡಿದು, ತಮ್ಮನ ಕೈ ಹಿಡಿದು ರಸ್ತೆ ದಾಟಿಸುವ ಹಾಗೆ, ಅವನ ಅಂಗೈಯನ್ನು ಹಿಂದಿನ ಹಲಗೆಯ ಮೇಲೆ, ಸ್ಪೀಕರಿನ ಅಂಚಿಗೆ ಒತ್ತಿದಳು. "ಕಿವಿ ಬಿಡು. ಕೈ ಇಡು ಇಲ್ಲಿ."

ಎರಡನೆಯ ಚರಣ ಮತ್ತೆ ನಡೆಯಿತು. ಪೆನಿ ಸೊಂಟ ತಿರುಗಿಸಿ, ಒಂದು ಕೈ ಚಾಪೆಯ ಮೇಲೆ, ಇನ್ನೊಂದು ಸ್ಪೀಕರಿನ ಅಂಚಿನ ಮೇಲೆ ಇಟ್ಟು ಕೂತಿದ್ದ. ತನ್ನದೇ ದನಿ ಅಂಗೈಯಲ್ಲಿ ಹಾದು ಹೋಗುವುದನ್ನು ಸುಮ್ಮನೆ ತಡೆದುಕೊಂಡ. ಚರಣ ನಿಂತಿತು. ಅವನ ಬೆರಳುಗಳು ಸಣ್ಣಗೆ ಬೆಚ್ಚಿದ್ದು ನನಗೆ ಮುಂದಿನ ಸೀಟಿನಿಂದಲೂ ಕಂಡಿತು.

"ಅವರ ಪಕ್ಕದಲ್ಲಿ ನಿಂತಿದ್ದವನು ನೀನೇ ಅಲ್ವೇನೋ," ಎಂದಳು ಸಿನಿವಾ. "ಅವತ್ತಾದ್ರೂ ಕೇಳಿಸಿತ್ತಾ?"

"ಕೇಳಿಸಿತ್ತು," ಎಂದ ಪೆನಿ. "ಹಾಡು ಹಾಳು ಮಾಡಿದ ಅಂತ ಮೊಣಕೈಯಿಂದ ತಿವಿದಿದ್ದೆ."

ಒಳಗೆ ಊಟ ಆರುತ್ತಿತ್ತು. ಮಾಲಾಕಿ ಸ್ಟಿರಿಯೋ ಆರಿಸಲು ಕೈ ಚಾಚಿದ. ಪೆನಿ ಹಲಗೆಯಿಂದ ಕೈ ತೆಗೆಯಲಿಲ್ಲ.

"ಇರು," ಎಂದ. "ಇನ್ನೊಂದು ಸಲ ಹಾಕು."